ಶ್ರವ್ಯಕ್ಕೆ ದೃಶ್ಯದ ಜೋಡಣೆ: ಜನಪ್ರಿಯ ಬಾನುಲಿ ಕಾರ್ಯಕ್ರಮಗಳ ಏಕಕಾಲಿಕ ಪ್ರಸಾರದ ಆರಂಭಿಕ ಪ್ರಯೋಗಗಳು

ಪೀಠಿಕೆ

ಭಾರತೀಯ ಕಾವ್ಯಮೀಮಾಂಸೆಯು ಕಾವ್ಯವನ್ನು ದೃಶ್ಯ ಮತ್ತು ಶ್ರವ್ಯ ಎಂದು ಎರಡಾಗಿ ವಿಂಗಡಿಸಿದೆ. ಈ ವಿಂಗಡಣೆ ಕೇವಲ ಶಾಸ್ತ್ರಕಾರರ ಅನುಕೂಲಕ್ಕಾಗಿ ಹುಟ್ಟಿದ್ದಲ್ಲ. ನಮ್ಮ ರಂಗಪರಂಪರೆಯೇ ಇದಕ್ಕೆ ಸಾಕ್ಷಿಯಾಗಿದೆ. ಕರಾವಳಿಯ ಯಕ್ಷಗಾನದಲ್ಲಿ ಒಂದೇ ಪ್ರಸಂಗವು ಬಯಲಾಟವಾಗಿಯೂ ನಡೆಯುತ್ತದೆ, ತಾಳಮದ್ದಳೆಯಾಗಿಯೂ ನಡೆಯುತ್ತದೆ. ಬಯಲಾಟದಲ್ಲಿ ವೇಷ, ಬಣ್ಣ, ಕುಣಿತಗಳು ಹೇಳುವುದನ್ನೆಲ್ಲ ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತೊಂದೇ ಹೇಳಬೇಕಾಗುತ್ತದೆ. ಪದ್ಯ ಒಂದೇ, ಭಾಗವತರೂ ಒಬ್ಬರೇ ಆಗಿರಬಹುದು. ಆದರೆ ಎರಡರ ಶಿಸ್ತು ಬೇರೆ, ಕಲಾವಿದನ ಸಿದ್ಧತೆ ಬೇರೆ, ಪ್ರೇಕ್ಷಕನ ಪಾತ್ರವೂ ಬೇರೆ. ಹಾಗಿದ್ದರೆ ಒಂದೇ ವೇದಿಕೆಯಲ್ಲಿ, ಒಂದೇ ಕ್ಷಣದಲ್ಲಿ ನಡೆಯುವ ಪ್ರದರ್ಶನವನ್ನು ಎದುರಿಗೆ ಕುಳಿತವರಿಗೆ ಬಯಲಾಟವೆಂದೂ ದೂರದಲ್ಲಿ ಕೇಳುತ್ತಿರುವವರಿಗೆ ತಾಳಮದ್ದಳೆಯೆಂದೂ ಒಪ್ಪಿಸಲು ಸಾಧ್ಯವೆ?

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪಾಶ್ಚಾತ್ಯ ಪ್ರಸಾರ ಸಂಸ್ಥೆಗಳು, ಅದರಲ್ಲಿಯೂ ಅಮೆರಿಕದ ಖಾಸಗಿ ಜಾಲಗಳು, ಬೇರೊಂದು ಸಂದರ್ಭದಲ್ಲಿ ಈ ಪ್ರಶ್ನೆಯನ್ನೇ ಎದುರಿಸಿದವು. ಲಕ್ಷಾಂತರ ಮನೆಗಳಲ್ಲಿ ನೆಲೆಯೂರಿದ್ದ ಬಾನುಲಿ ಕಾರ್ಯಕ್ರಮಗಳನ್ನು, ಅವು ಪ್ರಸಾರವಾಗುತ್ತಿದ್ದ ಹೊತ್ತಿನಲ್ಲಿಯೇ, ಹೊಸದಾಗಿ ಬಂದ ಟೆಲಿವಿಷನ್ನಿನಲ್ಲಿಯೂ ತೋರಿಸುವ ಪ್ರಯೋಗಗಳು ನಡೆದವು. ಇಂಗ್ಲಿಷಿನಲ್ಲಿ ಇದಕ್ಕೆ ‘ಸೈಮಲ್‌ಕಾಸ್ಟ್’ ಎಂಬ ಜೋಡುಪದ 1948ರ ಸುಮಾರಿಗೆ ಬಳಕೆಗೆ ಬಂದಿತು. ಪ್ರಸ್ತುತ ಲೇಖನದಲ್ಲಿ ಇದನ್ನು ‘ಏಕಕಾಲಿಕ ಪ್ರಸಾರ’ ಎಂದು ಕರೆಯಲಾಗಿದೆ. ಈ ಪ್ರಯೋಗಗಳ ಹಿಂದೆ ಇದ್ದುದು ಬಹುಮಟ್ಟಿಗೆ ಹಣದ ಲೆಕ್ಕಾಚಾರ. ಆದರೆ ಅವು ಉಳಿಸಿಹೋದ ಪಾಠ ಕಲಾಮಾಧ್ಯಮಗಳ ಸ್ವರೂಪಕ್ಕೆ ಸಂಬಂಧಿಸಿದ್ದು. ಯಾವ ಪ್ರಕಾರಗಳು ಎರಡೂ ಮಾಧ್ಯಮಗಳಲ್ಲಿ ಒಟ್ಟಿಗೆ ಬಾಳಬಲ್ಲವು, ಯಾವುವು ಬಾಳಲಾರವು, ಈ ಜೋಡಣೆಯಲ್ಲಿ ಕೇಳುಗನಿಗೆ ದೊರೆತದ್ದೇನು, ತಪ್ಪಿದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬೇರೆ ಬೇರೆ ದಾರಿಯಲ್ಲಿ ಬಂದ ಧ್ವನಿ ಮತ್ತು ಚಿತ್ರ

ಟೆಲಿವಿಷನ್ನಿನ ಶೈಶವದಲ್ಲಿ ಏಕಕಾಲಿಕ ಪ್ರಸಾರವೆಂಬುದು ಆಯ್ಕೆಯ ವಿಷಯವಾಗಿರಲಿಲ್ಲ, ತಾಂತ್ರಿಕ ಅನಿವಾರ್ಯತೆಯಾಗಿತ್ತು. ಚಿತ್ರವನ್ನು ಒಯ್ಯಲು ಒಂದು ತರಂಗ, ಧ್ವನಿಯನ್ನು ಒಯ್ಯಲು ಇನ್ನೊಂದು ತರಂಗ ಬೇಕಾಗಿದ್ದವು. ಧ್ವನಿಯ ಕೆಲಸಕ್ಕೆ ಆಗಲೇ ಸಿದ್ಧವಾಗಿದ್ದ ಬಾನುಲಿ ಕೇಂದ್ರವನ್ನು ಬಳಸಿಕೊಳ್ಳುವುದು ಸಹಜವಾಗಿತ್ತು. 1928ರ ಸೆಪ್ಟೆಂಬರ್ 11ರಂದು ಅಮೆರಿಕದ ಸ್ಕೆನೆಕ್ಟಡಿ ನಗರದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ‘ದಿ ಕ್ವೀನ್ಸ್ ಮೆಸೆಂಜರ್’ ಎಂಬ ಏಕಾಂಕವನ್ನು ಪ್ರಸಾರ ಮಾಡಿತು. ಇ. ಎಫ್. ಡಬ್ಲ್ಯೂ. ಅಲೆಕ್ಸಾಂಡರ್‌ಸನ್ ಅವರ ಮಾರ್ಗದರ್ಶನದಲ್ಲಿ ನಡೆದ ಈ ಪ್ರಯೋಗದಲ್ಲಿ ಮೂರು ಕ್ಯಾಮೆರಾಗಳಿದ್ದವು. ಎರಡು ಕ್ಯಾಮೆರಾಗಳು ಇಬ್ಬರು ನಟರ ಮುಖಗಳನ್ನಷ್ಟೇ ಹಿಡಿದರೆ, ಮೂರನೆಯದು ಕೈಗಳನ್ನೂ ರಂಗಪರಿಕರಗಳನ್ನೂ ತೋರಿಸುತ್ತಿತ್ತು. ಆ ಕೈಗಳು ಕೂಡ ಬೇರೆಯವರವು. ನಾಟಕದ ಸಂಭಾಷಣೆ ಸಂಸ್ಥೆಯದೇ ಆದ ಡಬ್ಲ್ಯೂ.ಜಿ.ವೈ. ಬಾನುಲಿ ಕೇಂದ್ರದಿಂದ ಹೊರಟಿತು. ಚಿತ್ರವನ್ನು ಪಡೆಯುವ ಯಂತ್ರ ಎಲ್ಲೋ ಕೆಲವರ ಬಳಿ ಮಾತ್ರ ಇದ್ದುದರಿಂದ, ಅಂದು ಆ ನಾಟಕವನ್ನು ನೋಡಲು ಸಾಧ್ಯವಿದ್ದವರು ಬೆರಳೆಣಿಕೆಯಷ್ಟು. ಕೇಳಲು ಸಾಧ್ಯವಿದ್ದವರು ಬಾನುಲಿ ಪೆಟ್ಟಿಗೆಯುಳ್ಳ ಎಲ್ಲರೂ.

ಇಂಗ್ಲೆಂಡಿನಲ್ಲಿ ಜಾನ್ ಲೋಗಿ ಬೇರ್ಡ್ ಅವರ ಅನುಭವ ಇನ್ನೂ ಸ್ವಾರಸ್ಯಕರವಾದುದು. 1929ರ ಸೆಪ್ಟೆಂಬರ್ 30ರಂದು ಬಿ.ಬಿ.ಸಿ.ಯ ಮೂಲಕ ಅವರ 30 ಗೆರೆಗಳ ಟೆಲಿವಿಷನ್ ಪ್ರಸಾರ ಆರಂಭವಾದಾಗ ಅವರಿಗೆ ದೊರೆತದ್ದು ಒಂದೇ ಪ್ರೇಷಕ ಯಂತ್ರ. ಆದ್ದರಿಂದ ಚಿತ್ರ ಮತ್ತು ಧ್ವನಿಗಳನ್ನು ಒಂದಾದ ಮೇಲೊಂದರಂತೆ ಕಳುಹಿಸಬೇಕಾಯಿತು. ಒಬ್ಬ ವ್ಯಕ್ತಿಯನ್ನು ನೋಡಿದಾಗ ಆತ ಮೂಕ. ಆತನ ಮಾತನ್ನು ಕೇಳಿದಾಗ ಆತ ಅದೃಶ್ಯ. 1930ರ ಮಾರ್ಚ್ ಕೊನೆಯಲ್ಲಿ ಬ್ರುಕ್‌ಮನ್ಸ್ ಪಾರ್ಕ್‌ನ ಜೋಡಿ ಪ್ರೇಷಕಗಳು ಲಭ್ಯವಾದ ಮೇಲೆಯೇ ಎರಡೂ ಏಕಕಾಲದಲ್ಲಿ ಹೊರಟವು. ಧ್ವನಿಯ ತರಂಗಕ್ಕೆ ಕಿವಿಗೊಟ್ಟ ಸಾಮಾನ್ಯ ಕೇಳುಗನಿಗೆ ಅದು ಎಂದಿನ ಬಾನುಲಿ ಕಾರ್ಯಕ್ರಮದಂತೆಯೇ ಕೇಳಿಸುತ್ತಿತ್ತು. ಚಿತ್ರದ ತರಂಗವನ್ನು ಹಿಡಿದವನಿಗೆ ಕೇಳಿಸುತ್ತಿದ್ದುದು ಅರ್ಥವಿಲ್ಲದ ಕರ್ಕಶ ಗುಂಯ್‌ಗುಡುವಿಕೆ ಮಾತ್ರ. ಧ್ವನಿ ತನ್ನಷ್ಟಕ್ಕೆ ಅರ್ಥವನ್ನು ಕೊಡಬಲ್ಲದು, ಚಿತ್ರಕ್ಕೆ ಧ್ವನಿಯ ಆಸರೆ ಬೇಕು ಎಂಬ ಅಸಮತೆ ಅಂದಿನ ಯಂತ್ರದಲ್ಲಿಯೇ ಅಡಗಿತ್ತೆನ್ನಬಹುದು. ಮುಂದಿನ ಎರಡು ದಶಕಗಳ ಕಥೆಯೆಂದರೆ ಈ ಅಸಮತೆ ಕ್ರಮೇಣ ತಲೆಕೆಳಗಾದ ಕಥೆ.

ವಾರ್ತಾವಾಚಕನ ಮುಖ

ಜನಪ್ರಿಯವಾದ ಬಾನುಲಿ ಕಾರ್ಯಕ್ರಮವೊಂದನ್ನು ಉದ್ದೇಶಪೂರ್ವಕವಾಗಿ ಟೆಲಿವಿಷನ್ನಿಗೂ ವಿಸ್ತರಿಸಿದ ಆರಂಭಿಕ ಉದಾಹರಣೆಗಳಲ್ಲಿ ಲೋವೆಲ್ ಥಾಮಸ್ ಅವರ ವಾರ್ತಾ ಪ್ರಸಾರ ಮುಖ್ಯವಾದುದು. 1930ರಿಂದ ಪ್ರತಿ ಸಂಜೆ ಹದಿನೈದು ನಿಮಿಷ ಸುದ್ದಿಯನ್ನು ಹೇಳುತ್ತಿದ್ದ ಥಾಮಸ್ ಅಮೆರಿಕದ ಮನೆಮನೆಗೆ ಪರಿಚಿತವಾದ ಧ್ವನಿಯಾಗಿದ್ದರು. 1940ರ ಫೆಬ್ರುವರಿಯಲ್ಲಿ ಎನ್.ಬಿ.ಸಿ.ಯು ಅವರು ಬಾನುಲಿಗೆ ಓದುತ್ತಿದ್ದ ಸುದ್ದಿಯನ್ನು ನ್ಯೂಯಾರ್ಕಿನ ಡಬ್ಲ್ಯೂ2ಎಕ್ಸ್‌ಬಿಎಸ್ ಎಂಬ ಪ್ರಾಯೋಗಿಕ ಟೆಲಿವಿಷನ್ ಕೇಂದ್ರದಿಂದಲೂ ತೋರಿಸತೊಡಗಿತು. ಬಾನುಲಿಯಲ್ಲಿ ಅವರ ಪ್ರಾಯೋಜಕರಾಗಿದ್ದ ಸನ್ ಆಯಿಲ್ ಕಂಪನಿಯ ಹೆಸರು ಇಲ್ಲಿಯೂ ಜೊತೆಗಿತ್ತು. 1941ರ ಜುಲೈ 1ರಂದು ಅಮೆರಿಕದಲ್ಲಿ ವಾಣಿಜ್ಯ ಟೆಲಿವಿಷನ್ನಿಗೆ ಅನುಮತಿ ದೊರೆತು ಅದೇ ಕೇಂದ್ರ ಡಬ್ಲ್ಯೂ.ಎನ್.ಬಿ.ಟಿ. ಎಂಬ ಹೆಸರಿನಲ್ಲಿ ಆರಂಭವಾದಾಗ, ಮೊದಲ ದಿನದ ಕಾರ್ಯಕ್ರಮಗಳ ಪಟ್ಟಿಯಲ್ಲಿಯೂ ಥಾಮಸ್ ಇದ್ದರು. ಬಾನುಲಿಯ ಜನಪ್ರಿಯ ಆಟವಾದ ‘ಟ್ರೂತ್ ಆರ್ ಕಾನ್ಸಿಕ್ವೆನ್ಸಸ್’ ಕೂಡ ಅಂದು ತೆರೆಯ ಮೇಲೆ ಕಾಣಿಸಿಕೊಂಡಿತು.

ಇಲ್ಲಿ ಕ್ಯಾಮೆರಾ ಮಾಡಿದ ಕೆಲಸವೇನು? ಮೈಕಿನ ಮುಂದೆ ಕುಳಿತು ಕಾಗದ ನೋಡಿ ಓದುವ ವ್ಯಕ್ತಿಯೊಬ್ಬನನ್ನು ತೋರಿಸಿದ್ದಷ್ಟೇ. ಸುದ್ದಿಯಲ್ಲಿ ಬರುವ ಊರು, ಯುದ್ಧ, ಜನ ಯಾವುದೂ ಕಾಣುತ್ತಿರಲಿಲ್ಲ. ಕೇಳುಗನು ಮಾತಿನ ಬಲದಿಂದ ಯೂರೋಪಿನ ರಣರಂಗವನ್ನು ಕಲ್ಪಿಸಿಕೊಳ್ಳುತ್ತಿದ್ದಾಗ, ನೋಡುಗನಿಗೆ ಕಾಣುತ್ತಿದ್ದುದು ಒಂದು ಮೇಜು, ಒಂದು ಮುಖ. ಹೆಚ್ಚು ಇಂದ್ರಿಯಗಳಿಗೆ ಒದಗಿದರೆ ಅನುಭವವೂ ಹೆಚ್ಚುತ್ತದೆ ಎಂಬ ಸರಳ ನಂಬಿಕೆ ಇಲ್ಲಿಯೇ ಸಡಿಲವಾಗುತ್ತದೆ. ಇನ್ನೊಂದು ನಷ್ಟ ವಾಚಕನದು. ಬಾನುಲಿಯ ಥಾಮಸ್ ಪ್ರವಾಸದಲ್ಲಿದ್ದ ಕಡೆಯಿಂದಲೂ, ಪಾಲಿಂಗ್‌ನಲ್ಲಿದ್ದ ತಮ್ಮ ಮನೆಯಿಂದಲೂ ಸುದ್ದಿ ಹೇಳಬಲ್ಲವರಾಗಿದ್ದರು. ಟೆಲಿವಿಷನ್ ಅವರನ್ನು ನಗರದ ಸ್ಟುಡಿಯೊಗೆ ಕಟ್ಟಿಹಾಕುತ್ತಿತ್ತು. ಥಾಮಸ್ ಕೊನೆಗೂ ಬಾನುಲಿಯವರಾಗಿಯೇ ಉಳಿದು 1976ರವರೆಗೆ ತಮ್ಮ ದೈನಂದಿನ ಪ್ರಸಾರವನ್ನು ನಡೆಸಿದರು.

1948: ಪ್ರಯೋಗಕ್ಕೆ ಒದಗಿದ ಸಂದರ್ಭ

ಎರಡನೆಯ ಮಹಾಯುದ್ಧದ ಕಾರಣದಿಂದ ಟೆಲಿವಿಷನ್ನಿನ ಬೆಳವಣಿಗೆ ಕುಂಠಿತವಾಯಿತು. ಯುದ್ಧಾನಂತರ ಅದು ಮತ್ತೆ ಚೇತರಿಸಿಕೊಂಡಾಗ 1948ನೆಯ ವರ್ಷ ಏಕಕಾಲಿಕ ಪ್ರಸಾರದ ದೃಷ್ಟಿಯಿಂದ ನಿರ್ಣಾಯಕವಾಯಿತು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಪ್ರಸಾರದ ವ್ಯಾಪ್ತಿ. ಅಂದು ಟೆಲಿವಿಷನ್ ಜಾಲವೆಂದರೆ ಪೂರ್ವ ಕರಾವಳಿಯ ಕೆಲವು ನಗರಗಳನ್ನು ಕೇಬಲಿನಿಂದ ಬೆಸೆದ ಸಣ್ಣ ಸರಪಳಿ. ಮಧ್ಯಪಶ್ಚಿಮದ ನಗರಗಳು ಇದರೊಂದಿಗೆ ಸೇರಿದ್ದು 1949ರ ಜನವರಿಯಲ್ಲಿ; ಪಶ್ಚಿಮ ಕರಾವಳಿಯವರೆಗೆ ನೇರ ಸಂಪರ್ಕ ಸಾಧ್ಯವಾದದ್ದು 1951ರ ಸೆಪ್ಟೆಂಬರಿನಲ್ಲಿ. ಇದರ ಜೊತೆಗೆ 1948ರ ಸೆಪ್ಟೆಂಬರಿನಿಂದ 1952ರ ಏಪ್ರಿಲ್‌ವರೆಗೆ ಸರಕಾರದ ಸಂವಹನ ಆಯೋಗವು ಹೊಸ ಕೇಂದ್ರಗಳಿಗೆ ಪರವಾನಗಿ ನೀಡುವುದನ್ನು ತಡೆಹಿಡಿಯಿತು. ಬಾನುಲಿಯಾದರೋ ದೇಶದ ಮೂಲೆಮೂಲೆಯನ್ನೂ ತಲುಪಿತ್ತು. ಎರಡನೆಯದು ವೆಚ್ಚ. ಜಾಲಗಳಲ್ಲಿ ಕಾರ್ಯಕ್ರಮದ ಖರ್ಚನ್ನು ಹೊರುತ್ತಿದ್ದವರು ಎಣ್ಣೆ, ಟಯರು, ಚಹಾ, ಮೋಟಾರು ಕಂಪನಿಗಳು. ಕೆಲವೇ ನಗರಗಳ ನೋಡುಗರಿಗಾಗಿ ಪ್ರತ್ಯೇಕ ಕಾರ್ಯಕ್ರಮ ಮಾಡಿಸುವುದು ಅವರಿಗೆ ದುಬಾರಿಯಾಗಿತ್ತು. ಈಗಾಗಲೇ ಹಣ ತೆತ್ತಿದ್ದ ಬಾನುಲಿ ಕಾರ್ಯಕ್ರಮದ ಮುಂದೆ ಕ್ಯಾಮೆರಾ ಇಟ್ಟರೆ ಅದೇ ಹಣಕ್ಕೆ ಎರಡು ಸಮುದಾಯಗಳು ದೊರೆಯುತ್ತಿದ್ದವು. ಮೂರನೆಯದು ಕಲಾವಿದರ ಸಂಘಟನೆಯ ನಿಲುವು. ಜೇಮ್ಸ್ ಪೆಟ್ರಿಲೊ ಅವರ ನಾಯಕತ್ವದ ಸಂಗೀತಗಾರರ ಸಂಘವು ತನ್ನ ಸದಸ್ಯರು ಟೆಲಿವಿಷನ್ನಿನಲ್ಲಿ ನುಡಿಸುವುದನ್ನು ನಿಷೇಧಿಸಿತ್ತು. ಸಂಗೀತವೇ ಜೀವಾಳವಾಗಿದ್ದ ಬಾನುಲಿ ಕಾರ್ಯಕ್ರಮಗಳು ತೆರೆಯ ಮೇಲೆ ಬರುವುದು ಇದರಿಂದ ಅಸಾಧ್ಯವಾಗಿತ್ತು. ಈ ನಿಷೇಧ ತೆರವಾದದ್ದು 1948ರ ಮಾರ್ಚ್‌ನಲ್ಲಿ.

ಆ ತಿಂಗಳು ಮುಗಿಯುವುದರೊಳಗೇ, ಮಾರ್ಚ್ 20ರಂದು, ಎರಡು ಜಾಲಗಳು ಪೈಪೋಟಿಗೆ ಇಳಿದವು. ಸಿ.ಬಿ.ಎಸ್. ಯೂಜೀನ್ ಆರ್ಮಂಡಿ ಅವರ ನೇತೃತ್ವದ ಫಿಲಡೆಲ್ಫಿಯಾ ವಾದ್ಯವೃಂದವನ್ನು ತೋರಿಸಿದರೆ, ಅದೇ ಸಂಜೆ ಸ್ವಲ್ಪ ಹೊತ್ತಿನ ಬಳಿಕ ಎನ್.ಬಿ.ಸಿ. ತನ್ನ ವಾದ್ಯವೃಂದದ ಕಚೇರಿಯನ್ನು ಬಾನುಲಿ ಮತ್ತು ಟೆಲಿವಿಷನ್ ಎರಡರಲ್ಲಿಯೂ ಪ್ರಸಾರ ಮಾಡಿತು. ನಿರ್ದೇಶಕರು ಆರ್ತುರೊ ಟಾಸ್ಕನಿನಿ. ನುಡಿಸಿದ್ದು ಸಂಪೂರ್ಣವಾಗಿ ವಾಗ್ನರ್ ಕೃತಿಗಳನ್ನು.

ಒಗ್ಗಿದ ಪ್ರಕಾರಗಳು

ಟಾಸ್ಕನಿನಿಯವರ ಪ್ರಸಾರಗಳನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ. ಏಕೆಂದರೆ ಏಕಕಾಲಿಕ ಪ್ರಸಾರವು ಯಾರಿಗೂ ವಂಚನೆ ಮಾಡದೆ ಸಫಲವಾದ ನಿದರ್ಶನ ಇದು. 1937ರ ಕ್ರಿಸ್‌ಮಸ್ ರಾತ್ರಿಯಿಂದ ಅಮೆರಿಕದ ಕೇಳುಗರು ಅವರನ್ನು ಬಾನುಲಿಯಲ್ಲಿ ಕೇಳುತ್ತ ಬಂದಿದ್ದರು. 1948 ಮತ್ತು 1952ರ ನಡುವೆ ಅವರ ಹತ್ತು ಕಚೇರಿಗಳು ಟೆಲಿವಿಷನ್ನಿನಲ್ಲಿಯೂ ಬಂದವು. ಕ್ಯಾಮೆರಾ ಇದ್ದ ಕಾರಣಕ್ಕೆ ಸಂಗೀತದಲ್ಲಿ ಒಂದು ಸ್ವರವೂ ಬದಲಾಗಲಿಲ್ಲ. ಕೇಳುಗನಿಗೆ ಯಾವ ಕೊರತೆಯೂ ಆಗಲಿಲ್ಲ. ನೋಡುಗನಿಗಾದರೋ ಸಭಾಂಗಣದಲ್ಲಿ ಕುಳಿತವರಿಗೂ ದುರ್ಲಭವಾದುದು ದೊರೆಯಿತು. ಸಭಿಕರಿಗೆ ಕಾಣುವುದು ನಿರ್ದೇಶಕನ ಬೆನ್ನು. ಕ್ಯಾಮೆರಾ ವಾದಕರ ಸ್ಥಾನದಲ್ಲಿ ನಿಂತು ಆತನ ಮುಖವನ್ನು, ಕೋಲು ಹಿಡಿದ ಕೈಯನ್ನು, ಒಂದು ವಾದ್ಯಗುಂಪಿಗೆ ಪ್ರವೇಶ ಸೂಚಿಸುವ ಕಣ್ಣನ್ನು ತೋರಿಸಿತು. 1949ರ ಮಾರ್ಚ್ 26 ಮತ್ತು ಏಪ್ರಿಲ್ 2ರಂದು ವೆರ್ಡಿಯ ‘ಐಡಾ’ ಗೀತನಾಟಕವನ್ನು ಎರಡು ಭಾಗಗಳಲ್ಲಿ ಕಚೇರಿಯ ರೂಪದಲ್ಲಿ, ಅಂದರೆ ವೇಷಭೂಷಣ, ರಂಗಸಜ್ಜಿಕೆಗಳಿಲ್ಲದೆ, ಹಾಡಿಸಲಾಯಿತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅದು ತಾಳಮದ್ದಳೆಯ ರೀತಿ. ಅದನ್ನು ನೋಡಲೂಬಹುದಾಗಿತ್ತು; ಆದರೆ ಅದರ ಅರ್ಥ ನೋಟವನ್ನು ಅವಲಂಬಿಸಿರಲಿಲ್ಲ.

ಫೈರ್‌ಸ್ಟೋನ್ ಟಯರು ಕಂಪನಿಯ ಪ್ರಾಯೋಜಕತ್ವದಲ್ಲಿ 1928ರ ಡಿಸೆಂಬರಿನಿಂದ ಸೋಮವಾರ ಸಂಜೆಗಳಲ್ಲಿ ಬರುತ್ತಿದ್ದ ‘ದಿ ವಾಯ್ಸ್ ಆಫ್ ಫೈರ್‌ಸ್ಟೋನ್’ ಸಂಗೀತ ಕಾರ್ಯಕ್ರಮವು 1949ರ ಸೆಪ್ಟೆಂಬರ್ 5ರಿಂದ ಏಕಕಾಲಿಕ ಪ್ರಸಾರವಾಯಿತು. ಚರ್ಚಾಕೂಟಗಳಿಗೂ ಈ ಜೋಡಣೆ ಒಗ್ಗಿತು. 1935ರಲ್ಲಿ ಬಾನುಲಿಯಲ್ಲಿ ಆರಂಭವಾಗಿದ್ದ ‘ಅಮೆರಿಕಾಸ್ ಟೌನ್ ಮೀಟಿಂಗ್ ಆಫ್ ದಿ ಏರ್’ ಎಂಬ ಸಾರ್ವಜನಿಕ ಚರ್ಚೆ 1948ರಲ್ಲಿ ಟೆಲಿವಿಷನ್ನಿಗೂ ಬಂದಿತು. ವಾದ ಪ್ರತಿವಾದಗಳು ಮಾತಿನಲ್ಲಿಯೇ ಪೂರ್ಣವಾಗುವುದರಿಂದ, ಭಾಷಣಕಾರನ ಮುಖವನ್ನು ಕಾಣುವುದು ಒಂದು ಹೆಚ್ಚಿನ ಲಾಭವಷ್ಟೇ.

ಮನರಂಜನೆಯ ಕ್ಷೇತ್ರದಲ್ಲಿ ‘ವೀ, ದಿ ಪೀಪಲ್’ ಎಂಬ ಕಾರ್ಯಕ್ರಮ ಮೊದಲಿಗನ ಸ್ಥಾನದಲ್ಲಿ ನಿಲ್ಲುತ್ತದೆ. 1948ರ ಜೂನ್ 1ರಿಂದ ಸಿ.ಬಿ.ಎಸ್. ಇದನ್ನು ಕ್ರಮಬದ್ಧವಾಗಿ ಎರಡೂ ಮಾಧ್ಯಮಗಳಲ್ಲಿ ಪ್ರಸಾರ ಮಾಡಿತು. ವಿಶಿಷ್ಟ ಅನುಭವವುಳ್ಳ ಸಾಮಾನ್ಯ ಜನರನ್ನೂ ಪ್ರಸಿದ್ಧರನ್ನೂ ಕರೆತಂದು ಮಾತನಾಡಿಸುವುದು ಇದರ ಸ್ವರೂಪ. ಬಾನುಲಿಯಲ್ಲಿ ಅತಿಥಿಗಳು ಮುಂಚೆಯೇ ಬರೆದು ಸಿದ್ಧಪಡಿಸಿದ ಮಾತನ್ನು ನೋಡಿ ಓದಬಹುದಾಗಿತ್ತು. ಕೇಳುಗನಿಗೆ ಅದು ಸಹಜ ಸಂಭಾಷಣೆಯಂತೆ ತೋರುತ್ತಿತ್ತು. ಕ್ಯಾಮೆರಾ ಬಂದೊಡನೆ ಕೈಯಲ್ಲಿರುವ ಕಾಗದವೇ ಆ ಸಹಜತೆಯನ್ನು ಸುಳ್ಳಾಗಿಸಿತು. ಅಭ್ಯಾಸವಿಲ್ಲದ ಅತಿಥಿ ಮಾತನ್ನು ಕಂಠಪಾಠ ಮಾಡಬೇಕು, ಇಲ್ಲವೆ ತನಗೆ ತೋಚಿದಂತೆ ಆಡಬೇಕು.

ಈ ತೊಡಕನ್ನು ಅತ್ಯಂತ ಲೀಲಾಜಾಲವಾಗಿ ದಾಟಿದವರು ಆರ್ಥರ್ ಗಾಡ್‌ಫ್ರೀ. 1946ರಲ್ಲಿ ಬಾನುಲಿಯಲ್ಲಿ ಆರಂಭವಾದ ಅವರ ‘ಟ್ಯಾಲೆಂಟ್ ಸ್ಕೌಟ್ಸ್’ 1948ರ ಡಿಸೆಂಬರ್ 6ರಿಂದ ಟೆಲಿವಿಷನ್ನಿಗೂ ವಿಸ್ತರಿಸಿತು. ಹೊಸ ಗಾಯಕರನ್ನೂ ವಾದಕರನ್ನೂ ಪರಿಚಯಿಸಿ, ಚಪ್ಪಾಳೆಯ ಪ್ರಮಾಣವನ್ನು ಅಳೆಯುವ ಮಾಪಕದಿಂದ ವಿಜೇತರನ್ನು ಆರಿಸುವ ಸ್ಪರ್ಧೆ ಇದು. ಇದರ ವಿನ್ಯಾಸವೇ ಎರಡು ಮಾಧ್ಯಮಗಳಿಗೆ ಹೇಳಿಮಾಡಿಸಿದಂತಿತ್ತು: ಚಪ್ಪಾಳೆ ಕಿವಿಗೆ, ಮಾಪಕದ ಮುಳ್ಳು ಕಣ್ಣಿಗೆ, ತೀರ್ಪು ಇಬ್ಬರಿಗೂ ಒಂದೇ. ಗಾಡ್‌ಫ್ರೀ ತಾವು ಬಾನುಲಿಯವರೆಂಬುದನ್ನು ಮರೆಮಾಚಲಿಲ್ಲ. ಮೇಜಿನ ಹಿಂದೆ, ಮೈಕಿನ ಮುಂದೆ, ಕಿವಿಗೆ ಶ್ರವಣಸಾಧನ ಹಾಕಿಕೊಂಡು ಕುಳಿತ ನಿರೂಪಕನ ಚಿತ್ರವನ್ನೇ ಅವರು ನೋಡುಗರಿಗೆ ಒಪ್ಪಿಸಿದರು. ಪ್ರಾಯೋಜಕರ ಚಹಾವನ್ನು ಹೊಗಳುವಾಗಲೂ ಅದೇ ಮನೆಮಾತಿನ ಧಾಟಿ. 1951-52ರ ಪ್ರಸಾರ ವರ್ಷದಲ್ಲಿ ಅಮೆರಿಕದ ಟೆಲಿವಿಷನ್ ಕಾರ್ಯಕ್ರಮಗಳಲ್ಲೆಲ್ಲ ಇದು ಮೊದಲ ಸ್ಥಾನ ಪಡೆಯಿತು. ಅವರ ಬೆಳಗಿನ ಬಾನುಲಿ ಕಾರ್ಯಕ್ರಮದ ಒಂದು ಭಾಗವೂ 1952ರ ಜನವರಿಯಿಂದ ಏಕಕಾಲಿಕ ಪ್ರಸಾರವಾಯಿತು.

ಒಗ್ಗದ ಪ್ರಕಾರಗಳು

ಇಷ್ಟು ಯಶಸ್ಸಿನ ನಡುವೆಯೂ ಬಾನುಲಿಯ ಅತ್ಯಂತ ಸಮೃದ್ಧ ಪ್ರಕಾರಗಳಾದ ನಾಟಕ ಮತ್ತು ಕಥಾಧಾರಾವಾಹಿಗಳು ಈ ಜೋಡಣೆಗೆ ಒಳಗಾಗಲಿಲ್ಲ ಎಂಬುದು ಗಮನಾರ್ಹ. ಕಾರಣ ಸ್ಪಷ್ಟವಾದುದು. ಬಾನುಲಿ ನಾಟಕದ ಪಾತ್ರಕ್ಕೆ ಶರೀರವನ್ನು ಕೊಡುವವನು ಕೇಳುಗ. ನಟ ಕೊಡುವುದು ಶಾರೀರವನ್ನು ಮಾತ್ರ. ಕ್ಯಾಮೆರಾ ಬಂದಾಗ ಶಾರೀರದ ಜೊತೆ ನಟನ ನಿಜವಾದ ಶರೀರವೂ ಬರುತ್ತದೆ.

‘ಅಮೋಸ್ ಆಂಡ್ ಆಂಡಿ’ ಇದಕ್ಕೆ ಅತ್ಯಂತ ತೀವ್ರವಾದ ನಿದರ್ಶನ. 1928ರಲ್ಲಿ ಆರಂಭವಾದ ಈ ಹಾಸ್ಯ ಧಾರಾವಾಹಿಯಲ್ಲಿ ಕರಿಯ ಜನಾಂಗದ ಪಾತ್ರಗಳಿಗೆ ಧ್ವನಿ ನೀಡುತ್ತಿದ್ದವರು ಫ್ರೀಮನ್ ಗಾಸ್ಡನ್ ಮತ್ತು ಚಾರ್ಲ್ಸ್ ಕೊರೆಲ್ ಎಂಬ ಇಬ್ಬರು ಬಿಳಿಯರು. ಇಂತಹ ಕಾರ್ಯಕ್ರಮದ ಮುಂದೆ ಕ್ಯಾಮೆರಾ ಇಡುವಂತೆಯೇ ಇರಲಿಲ್ಲ. 1951ರಲ್ಲಿ ಸಿ.ಬಿ.ಎಸ್. ಕರಿಯ ಜನಾಂಗದ ನಟರನ್ನೇ ಬಳಸಿ ಇದರ ಟೆಲಿವಿಷನ್ ರೂಪವನ್ನು ಪ್ರತ್ಯೇಕವಾಗಿ ತಯಾರಿಸಿತು. ಕರಿಯ ಜನರನ್ನು ಹಾಸ್ಯಾಸ್ಪದವಾಗಿ ಚಿತ್ರಿಸಲಾಗಿದೆಯೆಂದು ಅವರ ಹಕ್ಕುಗಳ ರಾಷ್ಟ್ರೀಯ ಸಂಘಟನೆಯು ಬಲವಾಗಿ ಪ್ರತಿಭಟಿಸಿತು. 1953ರಲ್ಲಿ ಟೆಲಿವಿಷನ್ ಸರಣಿ ನಿಂತಿತು. ಕಿವಿಯ ಮರೆಯಲ್ಲಿ ಎರಡು ದಶಕಗಳಿಗೂ ಮಿಕ್ಕಿ ನಡೆದುಬಂದಿದ್ದ ಅಪಹಾಸ್ಯವನ್ನು ಕಣ್ಣಿನ ಮುಂದೆ ತಂದಾಗ ಅದನ್ನು ಮುಚ್ಚಿಡುವುದು ಸಾಧ್ಯವಾಗಲಿಲ್ಲ. ದೃಶ್ಯವು ಇಲ್ಲಿ ಕಲೆಗಷ್ಟೇ ಅಲ್ಲ, ನೀತಿಗೂ ಒರೆಗಲ್ಲಾಯಿತು.

‘ಗನ್‌ಸ್ಮೋಕ್’ ಇನ್ನೊಂದು ಬಗೆಯ ನಿದರ್ಶನ. 1952ರಿಂದ ಬಾನುಲಿಯಲ್ಲಿ ಅದರ ನಾಯಕನಿಗೆ ಗಂಭೀರ ಧ್ವನಿ ನೀಡಿದವರು ವಿಲಿಯಂ ಕಾನ್‌ರಾಡ್. 1955ರಲ್ಲಿ ಟೆಲಿವಿಷನ್ ರೂಪ ಬಂದಾಗ ಸ್ಥೂಲಕಾಯದ ಕಾನ್‌ರಾಡ್ ಅವರಿಗೆ ಅವಕಾಶ ದೊರೆಯಲಿಲ್ಲ. ಎತ್ತರದ ನಿಲುವಿನ ಜೇಮ್ಸ್ ಆರ್ನೆಸ್ ನಾಯಕರಾದರು. 1961ರವರೆಗೂ ಒಂದೇ ಪಾತ್ರ ಬಾನುಲಿಯಲ್ಲಿ ಒಬ್ಬನಾಗಿ, ತೆರೆಯ ಮೇಲೆ ಇನ್ನೊಬ್ಬನಾಗಿ ಬಾಳಿತು. ಬಯಲಾಟಕ್ಕೆ ಒಬ್ಬ ವೇಷಧಾರಿ, ತಾಳಮದ್ದಳೆಗೆ ಒಬ್ಬ ಅರ್ಥಧಾರಿ ಎಂಬ ನಮ್ಮ ವ್ಯವಸ್ಥೆಯೇ ಇದು.

ಗ್ರೌಚೊ ಮಾರ್ಕ್ಸ್ ಅವರ ‘ಯು ಬೆಟ್ ಯುವರ್ ಲೈಫ್’ ಎಂಬ ರಸಪ್ರಶ್ನೆ ಕಾರ್ಯಕ್ರಮವು 1950ರಿಂದ ಮಧ್ಯಮಮಾರ್ಗವೊಂದನ್ನು ಅನುಸರಿಸಿತು. ನೇರ ಪ್ರಸಾರದ ಬದಲು ನಿಗದಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಚಿತ್ರೀಕರಿಸಿ, ಅದೇ ಸಾಮಗ್ರಿಯಿಂದ ಬಾನುಲಿಗೆ ಒಂದು ಆವೃತ್ತಿಯನ್ನೂ ಟೆಲಿವಿಷನ್ನಿಗೆ ಇನ್ನೊಂದು ಆವೃತ್ತಿಯನ್ನೂ ಬೇರೆಬೇರೆಯಾಗಿ ಸಂಕಲಿಸಲಾಗುತ್ತಿತ್ತು. ರಹಸ್ಯ ಪದವನ್ನು ಯಾರಾದರೂ ಉಚ್ಚರಿಸಿದೊಡನೆ ಮೇಲಿನಿಂದ ಇಳಿದು ಬರುವ ಬೊಂಬೆ ಬಾತುಕೋಳಿ ನೋಡುಗರಿಗೆ ಪ್ರಿಯವಾಗಿತ್ತು; ಮಾತಿನ ಚಮತ್ಕಾರ ಕೇಳುಗರಿಗೆ ಸಾಕಾಗಿತ್ತು. ಏಕಕಾಲಿಕತೆಯನ್ನು ಬಿಟ್ಟುಕೊಟ್ಟು ಎರಡೂ ಮಾಧ್ಯಮಗಳ ಶಿಸ್ತನ್ನು ಉಳಿಸಿಕೊಂಡ ಪರಿ ಇದು.

ಕೇಳುಗನ ಸ್ಥಾನಪಲ್ಲಟ

ಈ ಪ್ರಯೋಗಗಳ ಅವಧಿಯಲ್ಲಿ ಹೆಚ್ಚು ಗಮನಕ್ಕೆ ಬಾರದೆ ನಡೆದ ಬದಲಾವಣೆಯೆಂದರೆ ಬಾನುಲಿ ಕೇಳುಗನ ಸ್ಥಾನದಲ್ಲಾದದ್ದು. ಬಾನುಲಿ ಕಾರ್ಯಕ್ರಮಗಳಿಗೆ ಸ್ಟುಡಿಯೊದಲ್ಲಿ ಸಭಿಕರು ಇರುವುದು ವಾಡಿಕೆ. ಕಲಾವಿದ ಮಾತಿನಿಂದ ನಗಿಸಿದರೆ ಸಭಿಕರೂ ದೂರದ ಕೇಳುಗರೂ ಒಟ್ಟಿಗೆ ನಗುತ್ತಾರೆ. ಕ್ಯಾಮೆರಾ ಬಂದ ಮೇಲೆ ಹುಬ್ಬಿನ ಕುಣಿತ, ಮುಖದ ವಿಕಾರ, ಒಂದು ಹೆಜ್ಜೆ ತಪ್ಪಿದ ನಡಿಗೆ ಇವುಗಳಿಗೂ ಬೆಲೆ ಬಂದಿತು. ಆಗ ಸಭಿಕರ ನಗು ಬಾನುಲಿಯಲ್ಲಿ ಕೇಳುತ್ತದೆ. ಆದರೆ ನಗುವಿನ ಕಾರಣ ಕೇಳುವುದಿಲ್ಲ. ಅಲ್ಲಿಯವರೆಗೆ ಯಾರಿಗಾಗಿ ಕಾರ್ಯಕ್ರಮವನ್ನು ರಚಿಸಲಾಗುತ್ತಿತ್ತೋ ಆ ಕೇಳುಗನು ಗೋಡೆಯಾಚೆ ನಿಂತು ಬೇರೆಯವರ ಉತ್ಸವವನ್ನು ಆಲಿಸುವವನಾದನು. ಮೌನದ ಅರ್ಥವೂ ಹೀಗೆಯೇ ಬದಲಾಯಿತು. ತೆರೆಯ ಮೇಲಿನ ಒಂದು ದೀರ್ಘ ನೋಟ ನೋಡುಗನಿಗೆ ಭಾವಪೂರ್ಣವಾದರೆ, ಅದೇ ಕ್ಷಣ ಕೇಳುಗನಿಗೆ ಪ್ರಸಾರ ನಿಂತುಹೋಯಿತೇನೋ ಎಂಬ ಅನುಮಾನವನ್ನು ತರುತ್ತದೆ. ಇದನ್ನು ತಪ್ಪಿಸಲು ನಿರೂಪಕನು ನಡೆಯುವುದನ್ನೆಲ್ಲ ಮಾತಿನಲ್ಲಿ ವರ್ಣಿಸಿದರೆ, ಕಣ್ಣೆದುರಿಗೆ ಇರುವುದನ್ನೇ ಮತ್ತೆ ಹೇಳುತ್ತಾನಲ್ಲ ಎಂದು ನೋಡುಗನಿಗೆ ಬೇಸರ.

ಇದರ ನಡುವೆ ಗಾಡ್‌ಫ್ರೀ ಅವರ ಕಾರ್ಯಕ್ರಮದ ಒಂದು ಪ್ರಸಿದ್ಧ ಘಟನೆ ವಿಚಿತ್ರವಾದ ವ್ಯಂಗ್ಯವನ್ನು ಹೊಂದಿದೆ. 1953ರ ಅಕ್ಟೋಬರ್ 19ರಂದು ಅವರು ತಮ್ಮ ತಂಡದ ಜನಪ್ರಿಯ ಗಾಯಕ ಜೂಲಿಯಸ್ ಲಾರೋಸಾ ಅವರನ್ನು ಪ್ರಸಾರದ ನಡುವೆಯೇ ಕೆಲಸದಿಂದ ಬಿಡಿಸಿದರು. ಇದು ನಡೆದದ್ದು ಬೆಳಗಿನ ಕಾರ್ಯಕ್ರಮದ ಬಾನುಲಿಗಷ್ಟೇ ಮೀಸಲಾದ ಭಾಗದಲ್ಲಿ. ಅಮೆರಿಕದ ಪ್ರಸಾರ ಚರಿತ್ರೆಯಲ್ಲಿ ಬಹುವಾಗಿ ಚರ್ಚೆಗೆ ಒಳಗಾದ ಆ ಕ್ಷಣವನ್ನು ಟೆಲಿವಿಷನ್ನಿನ ಮುಂದಿದ್ದ ಯಾರೂ ನೋಡಲಿಲ್ಲ.

ಆದರೆ ಹಣದ ಲೆಕ್ಕ ಬೇರೆ ದಿಕ್ಕಿನಲ್ಲಿ ಸಾಗಿತ್ತು. ಟೆಲಿವಿಷನ್ ಕೇಂದ್ರಗಳು ಹೆಚ್ಚಿದಂತೆ ಪ್ರಾಯೋಜಕರಿಗೆ ಬಾನುಲಿಯ ಆಸರೆ ಬೇಡವಾಯಿತು. 1954ರಲ್ಲಿ ನೋಡುಗರ ಸಂಖ್ಯೆ ಕಡಿಮೆಯೆಂಬ ಕಾರಣಕ್ಕೆ ಎನ್.ಬಿ.ಸಿ.ಯು ‘ವಾಯ್ಸ್ ಆಫ್ ಫೈರ್‌ಸ್ಟೋನ್’ಗೆ ಅದರ ಹಳೆಯ ವೇಳೆಯನ್ನು ಬಿಟ್ಟುಕೊಡುವಂತೆ ಹೇಳಿತು. ಸಂಸ್ಥೆ ಒಪ್ಪದೆ ಎ.ಬಿ.ಸಿ. ಜಾಲಕ್ಕೆ ಹೊರಟುಹೋಯಿತು. ಬಾನುಲಿಯ ನಿಷ್ಠಾವಂತ ಕೇಳುಗರನ್ನು ಒಟ್ಟಿಗೆ ಎಣಿಸಿದರೂ ಆ ಅರ್ಧ ಗಂಟೆಯನ್ನು ಉಳಿಸಿಕೊಳ್ಳಲಾಗಲಿಲ್ಲ. ಲೆಕ್ಕಕ್ಕೆ ಬರುತ್ತಿದ್ದುದು ತೆರೆಯ ಮುಂದಿನ ಕಣ್ಣುಗಳು ಮಾತ್ರ. ಎಡ್ವರ್ಡ್ ಮರೊ ಅವರ ಬಾನುಲಿ ಕಾರ್ಯಕ್ರಮ ‘ಹಿಯರ್ ಇಟ್ ನೌ’ 1951ರ ನವೆಂಬರಿನಲ್ಲಿ ‘ಸೀ ಇಟ್ ನೌ’ ಎಂಬ ಟೆಲಿವಿಷನ್ ಕಾರ್ಯಕ್ರಮವಾಗಿ ಮಾರ್ಪಟ್ಟಿತ್ತು. ಕೇಳುವುದು ಹೋಗಿ ನೋಡುವುದು ಬಂದುದನ್ನು ಆ ಎರಡು ಹೆಸರುಗಳೇ ಸಾರುತ್ತವೆ. 1950ರ ದಶಕದ ಅಂತ್ಯದ ವೇಳೆಗೆ ಜನಪ್ರಿಯ ಕಾರ್ಯಕ್ರಮಗಳ ಏಕಕಾಲಿಕ ಪ್ರಸಾರ ಬಹುಮಟ್ಟಿಗೆ ಮುಗಿದಿತ್ತು.

ಆದರೂ ಈ ಪದ್ಧತಿ ಬೇರೊಂದು ಉದ್ದೇಶಕ್ಕಾಗಿ ಮರುಹುಟ್ಟು ಪಡೆಯಿತು. ಟೆಲಿವಿಷನ್ ಪೆಟ್ಟಿಗೆಯ ಧ್ವನಿವರ್ಧಕ ಚಿಕ್ಕದು, ಅದರ ಧ್ವನಿ ಒಂದೇ ವಾಹಿನಿಯದು. 1958ರಲ್ಲಿ ಲಾರೆನ್ಸ್ ವೆಲ್ಕ್ ಅವರ ಸಂಗೀತ ಕಾರ್ಯಕ್ರಮವನ್ನು ಸ್ಟೀರಿಯೊದಲ್ಲಿ ಕೇಳಿಸಲು ಒಂದು ವಾಹಿನಿಯನ್ನು ಟೆಲಿವಿಷನ್ನಿನಿಂದಲೂ ಇನ್ನೊಂದನ್ನು ಬಾನುಲಿಯಿಂದಲೂ ಕಳುಹಿಸಲಾಯಿತು. 1976ರಲ್ಲಿ ಆರಂಭವಾದ ‘ಲೈವ್ ಫ್ರಮ್ ಲಿಂಕನ್ ಸೆಂಟರ್’ ಸರಣಿಯಲ್ಲಿ ಚಿತ್ರ ಟೆಲಿವಿಷನ್ನಿನಲ್ಲಿಯೂ ಉತ್ತಮ ಸ್ಟೀರಿಯೊ ಧ್ವನಿ ಎಫ್.ಎಂ. ಬಾನುಲಿಯಲ್ಲಿಯೂ ದೊರೆಯಿತು. 1928ರಂತೆಯೇ ಚಿತ್ರ ಒಂದು ದಾರಿಯಲ್ಲಿ, ಧ್ವನಿ ಇನ್ನೊಂದು ದಾರಿಯಲ್ಲಿ ಬಂದು ಮನೆಯ ಕೋಣೆಯಲ್ಲಿ ಸೇರಿದವು.

ಭಾರತದ ಸಂದರ್ಭ

ಭಾರತದಲ್ಲಿ ಟೆಲಿವಿಷನ್ ಆಕಾಶವಾಣಿಯ ಮಡಿಲಲ್ಲಿಯೇ ಹುಟ್ಟಿತು. 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾದ ಪ್ರಾಯೋಗಿಕ ಸೇವೆ, 1976ರ ಏಪ್ರಿಲ್ 1ರಂದು ದೂರದರ್ಶನವು ಪ್ರತ್ಯೇಕ ಸಂಸ್ಥೆಯಾಗುವವರೆಗೂ ಆಕಾಶವಾಣಿಯ ಒಂದು ಅಂಗವಾಗಿತ್ತು. ಆದರೆ ಇಲ್ಲಿ ಬಾನುಲಿಯಿಂದ ಟೆಲಿವಿಷನ್ನಿಗೆ ಹರಿದು ಬಂದದ್ದು ಪ್ರಾಯೋಜಿತ ಮನರಂಜನೆಯಲ್ಲ, ಕಾರ್ಯಕ್ರಮದ ಮಾದರಿ. 1956ರಲ್ಲಿ ಪುಣೆಯ ಪರಿಸರದಲ್ಲಿ ನಡೆದ ಗ್ರಾಮೀಣ ಬಾನುಲಿ ವೇದಿಕೆಗಳ ಪ್ರಯೋಗದಲ್ಲಿ ರೈತರು ಗುಂಪಾಗಿ ಕುಳಿತು ಕೇಳಿ ಚರ್ಚಿಸುವ ಪದ್ಧತಿ ರೂಪುಗೊಂಡಿತು. 1967ರ ‘ಕೃಷಿ ದರ್ಶನ’ದಲ್ಲಿ ಅದೇ ಸಾಮೂಹಿಕ ಪದ್ಧತಿ ಗುಂಪಾಗಿ ನೋಡುವ ರೂಪವನ್ನು ತಾಳಿತು.

ಕರ್ನಾಟಕಕ್ಕೆ ಟೆಲಿವಿಷನ್ನಿನ ಮೊದಲ ವ್ಯಾಪಕ ಪರಿಚಯವಾದದ್ದು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗದಲ್ಲಿ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಒಳಗೊಂಡ ಈ ಯೋಜನೆಯಲ್ಲಿ ನಮ್ಮ ರಾಜ್ಯದ ಅಂದಿನ ಗುಲ್ಬರ್ಗಾ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಆ ಉಪಗ್ರಹದ ವ್ಯವಸ್ಥೆಯಲ್ಲಿ ಒಂದು ಚಿತ್ರವಾಹಿನಿಗೆ ಎರಡು ಧ್ವನಿವಾಹಿನಿಗಳಿದ್ದವು; ಅಂದರೆ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಧ್ವನಿಯನ್ನು ಜೊತೆಗೂಡಿಸುವ ಅನುಕೂಲವಿತ್ತು. ಅಮೆರಿಕದಲ್ಲಿ ಒಂದು ಧ್ವನಿ ಎರಡು ಮಾಧ್ಯಮಗಳಿಗೆ ದುಡಿದರೆ, ಬಹುಭಾಷೆಗಳ ನಮ್ಮ ದೇಶದಲ್ಲಿ ಒಂದು ಚಿತ್ರ ಎರಡು ಭಾಷೆಗಳಿಗೆ ದುಡಿಯುವ ಯೋಚನೆ ಸಹಜವಾಗಿ ಮೂಡಿತು.

ಏಕಕಾಲಿಕ ಪ್ರಸಾರದ ತೊಡಕಿಗೆ ನಮ್ಮಲ್ಲಿ ಕಂಡುಕೊಂಡ ಪರಿಹಾರವೂ ಉಲ್ಲೇಖನೀಯ. ಗಣರಾಜ್ಯೋತ್ಸವದ ಪಥಸಂಚಲನವಾಗಲಿ, ಮೈಸೂರು ದಸರೆಯ ಜಂಬೂಸವಾರಿಯಾಗಲಿ, ಆಕಾಶವಾಣಿ ಮತ್ತು ದೂರದರ್ಶನ ಎರಡೂ ಒಂದೇ ಹೊತ್ತಿನಲ್ಲಿ ಬಿತ್ತರಿಸುತ್ತ ಬಂದಿವೆ. ಆದರೆ ಬಾನುಲಿಗೆ ಅದರದೇ ಆದ ವೀಕ್ಷಕ ವಿವರಣೆ ಇರುತ್ತದೆ. ಘಟನೆ ಒಂದೇ, ಕಾಲ ಒಂದೇ, ಮಾತು ಬೇರೆ. ‘ವೀಕ್ಷಕ ವಿವರಣೆ’ ಎಂಬ ಕನ್ನಡ ಪದವೇ ಈ ಹೊಣೆಯನ್ನು ಸೂಚಿಸುತ್ತದೆ: ನೋಡಲಾಗದವರ ಪರವಾಗಿ ನೋಡಿ, ಅದನ್ನು ಮಾತಾಗಿಸುವವನು ವೀಕ್ಷಕ. ಅಂಬಾರಿಯ ಹೊಳಪು, ಆನೆಯ ನಡಿಗೆ, ಜನಸಂದಣಿಯ ಅಲೆ ಇವೆಲ್ಲವೂ ಮಾತಿನಲ್ಲಿಯೇ ಮೂಡಬೇಕು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿಲುವನ್ನು ಹೀಗೆ ಹೇಳಬಹುದು. ಏಕಕಾಲಿಕ ಪ್ರಸಾರವು ಬಾನುಲಿಯಿಂದ ಟೆಲಿವಿಷನ್ನಿಗೆ ಹಾಕಿದ ತಾತ್ಕಾಲಿಕ ಸೇತುವೆಯೆಂದು ಪ್ರಸಾರ ಚರಿತ್ರೆಗಳು ಸಾಮಾನ್ಯವಾಗಿ ಭಾವಿಸುತ್ತವೆ. ಅದು ಸೇತುವೆಯಾಗಿದ್ದುದು ನಿಜ. ಆದರೆ ಅದಕ್ಕಿಂತ ಮಿಗಿಲಾಗಿ ಅದೊಂದು ಜರಡಿಯಾಗಿತ್ತು. ಧ್ವನಿಯಲ್ಲಿಯೇ ಪೂರ್ಣವಾಗುವ ಸಂಗೀತ, ಚರ್ಚೆ, ಆತ್ಮೀಯ ಮಾತುಗಾರಿಕೆಗಳು ಈ ಜರಡಿಯಲ್ಲಿ ಉಳಿದುಕೊಂಡವು. ಕೇಳುಗನ ಕಲ್ಪನೆಯನ್ನು ಸಹಕರ್ತೃವನ್ನಾಗಿ ಮಾಡಿಕೊಂಡಿದ್ದ ನಾಟಕವು ಕೆಳಗೆ ಸೋರಿ, ಎರಡು ಬೇರೆ ಕಲಾರೂಪಗಳಾಗಿ ಕವಲೊಡೆಯಿತು.

ಈ ಚರಿತ್ರೆ ಹಳತಾದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ. ಬಾನುಲಿ ಸ್ಟುಡಿಯೊಗಳಲ್ಲಿ ಕ್ಯಾಮೆರಾ ಇಟ್ಟು ಸಂದರ್ಶನಗಳನ್ನು ಅಂತರಜಾಲದಲ್ಲಿಯೂ ತೋರಿಸುವ ರೂಢಿ ಇಂದು ವ್ಯಾಪಕವಾಗಿದೆ. ಅತಿಥಿಯು ಕೈಯಲ್ಲಿ ಹಿಡಿದು ತೋರಿಸುವ ಪುಸ್ತಕ, ನಿರೂಪಕನ ಮೌನವಾದ ತಲೆದೂಗುವಿಕೆ, ಇಬ್ಬರೂ ನಗುವ ನೋಟದ ವಿನೋದ ಇವು ಯಾವುವೂ ಕೇಳುಗನನ್ನು ತಲುಪುವುದಿಲ್ಲ. ದೃಷ್ಟಿ ಇಲ್ಲದವರು, ಹೊಲದಲ್ಲಿ ಅಥವಾ ಅಡುಗೆಮನೆಯಲ್ಲಿ ದುಡಿಯುತ್ತ ಕೇಳುವವರು, ವಾಹನ ನಡೆಸುವವರು ಇಂದಿಗೂ ಕಿವಿಯನ್ನೇ ನೆಚ್ಚಿದ್ದಾರೆ. ಧ್ವನಿಯು ಚಿತ್ರದ ಉಪಾಂಗವಾದಾಗ ಮೊದಲು ಹೊರಗುಳಿಯುವವರು ಇವರೇ. ಆದ್ದರಿಂದ ಎರಡು ಮಾಧ್ಯಮಗಳಿಗೆ ಒಂದೇ ಕಾರ್ಯಕ್ರಮವನ್ನು ರೂಪಿಸುವವರು ಟಾಸ್ಕನಿನಿಯವರ ಕಚೇರಿಗಳಿಂದ ಕಲಿಯಬೇಕಾದ ನಿಯಮ ಒಂದಿದೆ: ನೋಡುಗನಿಗೆ ಎಷ್ಟನ್ನಾದರೂ ಹೆಚ್ಚಾಗಿ ಕೊಡಬಹುದು, ಆದರೆ ಅದನ್ನು ಕೇಳುಗನ ಪಾಲಿನಿಂದ ಕಿತ್ತು ಕೊಡಬಾರದು. ಅದು ಸಾಧ್ಯವಾಗದ ಕಡೆ ವೀಕ್ಷಕ ವಿವರಣೆಯ ಮಾರ್ಗ ತೆರೆದೇ ಇದೆ.